ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ: ಆರಂಭದ ತೊಡಕುಗಳೂ ನಿವಾರಣೋಪಾಯಗಳೂ

ವಾಣಿಜ್ಯ ಸಂಸ್ಥೆಗಳ ಲೆಕ್ಕಪತ್ರಗಳು ಕೆಂಪು ಬಟ್ಟೆಯ ಖಾತಾ ಪುಸ್ತಕಗಳಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಈ ಅವಧಿಯಲ್ಲಿ ಯಂತ್ರಗಳು ಬದಲಾದವು, ತಂತ್ರಾಂಶಗಳು ಬದಲಾದವು. ಹಳೆಯ ಲೆಕ್ಕವನ್ನು ಕೇಳಿದಾಗ ತೆರೆದು ತೋರಿಸಬೇಕೆಂಬ ಹೊಣೆ ಮಾತ್ರ ಬದಲಾಗಲಿಲ್ಲ. ಕಂಪನಿ ಕಾಯಿದೆ, 2013ರ ಕಲಂ 128ರಂತೆ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳ ಕಾಲ ಕಾಯ್ದಿರಿಸಬೇಕು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ ಕಲಂ 36ರಂತೆ ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳು ಲಭ್ಯವಿರಬೇಕು. ಅಷ್ಟು ವರ್ಷ ಹಿಂದಿನ ದತ್ತಾಂಶವು ಅನೇಕ ವೇಳೆ ಅಂದಿನ ತಂತ್ರಾಂಶದಲ್ಲಿ, ಅಂದಿನ ಆಪರೇಟಿಂಗ್ ಸಿಸ್ಟಂ ಅಂದರೆ ಕಾರ್ಯಾಚರಣ ವ್ಯವಸ್ಥೆಯಲ್ಲಿ ಮಾತ್ರ ಸರಾಗವಾಗಿ ತೆರೆದುಕೊಳ್ಳುತ್ತದೆ.

ಈ ಇಕ್ಕಟ್ಟಿಗೆ 2025ರ ಅಕ್ಟೋಬರ್ 14 ಮತ್ತೊಂದು ಕಾರಣವನ್ನು ಸೇರಿಸಿತು. ಅಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಅನ್ನು ನಿಯಮಾನುಸಾರ ಸ್ಥಾಪಿಸಲು ಟಿಪಿಎಂ 2.0 ಎಂಬ ಭದ್ರತಾ ಘಟಕವಿರಬೇಕು, ಪ್ರೊಸೆಸರ್ ಸಹ ಅಂಗೀಕೃತ ಪಟ್ಟಿಯಲ್ಲಿರಬೇಕು. ಕೆಲಸಕ್ಕೆ ಯಾವ ಕುಂದೂ ಇಲ್ಲದ ಅನೇಕ ಯಂತ್ರಗಳು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಹೀಗಾಗಿ ಹಳೆಯ ಲೆಕ್ಕಗಳಿಗಾಗಿ ವಿಂಡೋಸ್ 10 ಅನ್ನು ಉಳಿಸಿಕೊಂಡು, ಅಂತರ್ಜಾಲದ ಕೆಲಸಗಳಿಗೆ ಅದೇ ಯಂತ್ರದಲ್ಲಿ ಲಿನಕ್ಸ್ ಸ್ಥಾಪಿಸುವ ಕ್ರಮವನ್ನು ಹಲವು ಕಚೇರಿಗಳು ಅನುಸರಿಸುತ್ತಿವೆ. ಈ ಆಲೋಚನೆಯಲ್ಲಿ ದೋಷವಿಲ್ಲ. ಆದರೆ ಪೂರ್ವಸಿದ್ಧತೆಯಿಲ್ಲದೆ ಮಾಡಿದರೆ, ಒಂದು ಬೆಳಿಗ್ಗೆ ಗಣಕವು ಎರಡು ವ್ಯವಸ್ಥೆಗಳಲ್ಲಿ ಒಂದನ್ನೂ ತೆರೆಯದೆ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳನ್ನು ತೋರಿಸಿ ನಿಂತುಬಿಡಬಹುದು.

ನಷ್ಟವಾಗುವುದು ಎಲ್ಲಿ?

ಮಾಸಿಕ 3ಬಿ ರಿಟರ್ನ್ ಸಲ್ಲಿಸುವ ಒಂದು ಸಗಟು ಮಳಿಗೆಯನ್ನು ಉದಾಹರಣೆಯಾಗಿ ಪರಿಗಣಿಸಬಹುದು. ತಿಂಗಳ 20ರಂದು ಅದು ನಗದಾಗಿ ಕಟ್ಟಬೇಕಾದ ತೆರಿಗೆ 4 ಲಕ್ಷ ರೂಪಾಯಿ. 19ರಂದು ಗಣಕ ಕೈಕೊಟ್ಟು, ಪಾವತಿ 4 ದಿನ ತಡವಾಯಿತು. ವಾರ್ಷಿಕ ಶೇ. 18ರಂತೆ ಬಡ್ಡಿ ಸುಮಾರು 789 ರೂಪಾಯಿ. ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ 200 ರೂಪಾಯಿ. ಒಟ್ಟು ಸಾವಿರ ರೂಪಾಯಿಯೂ ಆಗುವುದಿಲ್ಲ. ಇದೇ ತೊಡಕು 11ನೆಯ ತಾರೀಖಿಗೆ ಮುನ್ನ ಸಂಭವಿಸಿ ಮಾರಾಟದ ವಿವರಗಳ ರಿಟರ್ನ್ ತಪ್ಪಿದರೆ ಪೆಟ್ಟು ಗ್ರಾಹಕನಿಗೂ ತಗಲುತ್ತದೆ. 14ರಂದು ಸಿದ್ಧವಾಗುವ 2ಬಿ ಪಟ್ಟಿಯಲ್ಲಿ ಆ ಬಿಲ್ಲುಗಳು ಕಾಣುವುದಿಲ್ಲ, ಅವನ ಹೂಡುವಳಿ ತೆರಿಗೆ ಜಮೆ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಗ್ರಾಹಕನ ಅಸಮಾಧಾನಕ್ಕೆ ಕಾಯಿದೆಯಲ್ಲಿ ದರ ನಿಗದಿಯಾಗಿಲ್ಲ.

ಇವೆರಡಕ್ಕಿಂತಲೂ ದೊಡ್ಡ ನಷ್ಟ ಬೇರೊಂದಿದೆ. ಗಣಕ ತೆರೆಯದಿದ್ದಾಗ ಗಾಬರಿಗೊಂಡ ಸಿಬ್ಬಂದಿ ಯಾರನ್ನೋ ಕರೆಸುತ್ತಾರೆ. ಬಂದವನು ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎನ್ನುತ್ತಾನೆ. ಒಂದು ಗಂಟೆಯಲ್ಲಿ ಗಣಕ ಸರಿಹೋಗುತ್ತದೆ. ಲೆಕ್ಕ ಮಾತ್ರ ಇರುವುದಿಲ್ಲ. ಎರಡು ವ್ಯವಸ್ಥೆಗಳ ನಡುವಿನ ತೊಡಕಿನಿಂದ ಆರಂಭವು ವಿಫಲವಾದಾಗ ಸಾಮಾನ್ಯವಾಗಿ ದತ್ತಾಂಶಕ್ಕೆ ಯಾವ ಹಾನಿಯೂ ಆಗಿರುವುದಿಲ್ಲ. ತಿಜೋರಿ ಇದ್ದಲ್ಲೇ ಇರುತ್ತದೆ, ಬೀಗದ ಕೈ ಮಾತ್ರ ಸ್ಥಾನ ತಪ್ಪಿರುತ್ತದೆ. ಕೈ ಸಿಗಲಿಲ್ಲವೆಂದು ತಿಜೋರಿಯನ್ನೇ ಸುಡುವ ಕೆಲಸವನ್ನು ತಪ್ಪಿಸುವುದೇ ಈ ವಿಷಯವನ್ನು ಅರಿಯುವುದರ ಮುಖ್ಯ ಪ್ರಯೋಜನ.

ಗಣಕವು ಆರಂಭಗೊಳ್ಳುವ ಬಗೆ

ಗುಂಡಿಯನ್ನು ಒತ್ತಿದೊಡನೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಎಚ್ಚರಗೊಳ್ಳುವುದಿಲ್ಲ. ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್‌ನಲ್ಲಿಯೇ ಅಡಕವಾಗಿರುವ ಫರ್ಮ್‌ವೇರ್. ಅದು ಮೆಮೊರಿ, ಕೀಲಿಮಣೆ, ಡಿಸ್ಕ್‌ಗಳನ್ನು ತಪಾಸಣೆ ಮಾಡಿ, ಬೂಟ್ ಲೋಡರ್ ಎಂಬ ಚಿಕ್ಕ ತಂತ್ರಾಂಶವನ್ನು ಹುಡುಕಿ ಕೆಲಸವನ್ನು ಅದಕ್ಕೆ ವಹಿಸುತ್ತದೆ. ಬೂಟ್ ಲೋಡರ್ ಕಾರ್ಯಾಚರಣ ವ್ಯವಸ್ಥೆಯನ್ನು ಡಿಸ್ಕ್‌ನಿಂದ ಮೆಮೊರಿಗೆ ತರುತ್ತದೆ. ವಿಂಡೋಸ್‌ನದು ವಿಂಡೋಸ್ ಬೂಟ್ ಮ್ಯಾನೇಜರ್. ಹೆಚ್ಚಿನ ಲಿನಕ್ಸ್ ಆವೃತ್ತಿಗಳದು ಗ್ರಬ್.

ಹಳೆಯ ಬಯಾಸ್ ಪದ್ಧತಿಯು 1981ರ ಐಬಿಎಂ ಪಿಸಿಯ ಕಾಲದ್ದು. ಈ ಪದ್ಧತಿಯಲ್ಲಿ ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳ ಸ್ಥಳಕ್ಕೆ ಎಂಬಿಆರ್ ಎಂದು ಹೆಸರು. ಅದರಲ್ಲಿ 446 ಬೈಟ್ ಬೂಟ್ ಲೋಡರ್‌ನ ಆರಂಭಿಕ ಭಾಗಕ್ಕೆ, 64 ಬೈಟ್ ಡಿಸ್ಕ್‌ನ ವಿಭಾಗಗಳ ಪಟ್ಟಿಗೆ, 2 ಬೈಟ್ ಗುರುತಿಗೆ ಮೀಸಲು. ಸ್ಥಳವಿರುವುದು ಒಬ್ಬರಿಗೆ ಮಾತ್ರ. ಕೊನೆಗೆ ಯಾರು ಬರೆದರೋ ಅವರದೇ ಅಧಿಕಾರ. ಲಿನಕ್ಸ್ ಇರುವ ಗಣಕದಲ್ಲಿ ವಿಂಡೋಸ್ ಅನ್ನು ಮರುಸ್ಥಾಪಿಸಿದರೆ ಲಿನಕ್ಸ್ ‘ಮಾಯವಾಗುವುದಕ್ಕೆ’ ಇದೇ ಕಾರಣ. ಅದು ಡಿಸ್ಕ್‌ನಲ್ಲೇ ಇರುತ್ತದೆ, ಕರೆಯುವವರು ಇರುವುದಿಲ್ಲ.

ಹೊಸ ಯುಇಎಫ್ಐ ಪದ್ಧತಿಯಲ್ಲಿ ಬೂಟ್ ಲೋಡರ್‌ಗಳಿಗಾಗಿಯೇ ಇಎಸ್‌ಪಿ ಎಂಬ ಚಿಕ್ಕ ವಿಭಾಗವಿರುತ್ತದೆ. ಪ್ರತಿಯೊಂದು ವ್ಯವಸ್ಥೆಗೂ ಅಲ್ಲಿ ಪ್ರತ್ಯೇಕ ಫೋಲ್ಡರ್ ಇರುತ್ತದೆ. ಮೊದಲು ಯಾವುದನ್ನು ಕರೆಯಬೇಕೆಂಬ ಅನುಕ್ರಮ ಪಟ್ಟಿಯನ್ನು ಮದರ್‌ಬೋರ್ಡ್ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆದುದರಿಂದ ಇಲ್ಲಿ ಒಬ್ಬರು ಮತ್ತೊಬ್ಬರ ಬರಹವನ್ನು ಅಳಿಸುವುದು ವಿರಳ. ಅನುಕ್ರಮ ಮೇಲುಕೆಳಗಾಗುವುದೇ ಸಾಮಾನ್ಯ. ಹಳೆಯ ಪದ್ಧತಿಯ ತೊಡಕು ತಿದ್ದಿಬರೆದ ದಸ್ತಾವೇಜಿನಂತೆ, ಹೊಸ ಪದ್ಧತಿಯದು ಕ್ರಮಸಂಖ್ಯೆ ಬದಲಾದ ಪಟ್ಟಿಯಂತೆ. ಎರಡನೆಯದನ್ನು ಸರಿಪಡಿಸುವುದು ಸುಲಭ.

ಸ್ಥಾಪನೆಗೆ ಮುನ್ನ

1. ಲೆಕ್ಕದ ದತ್ತಾಂಶದ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಆ ಗಣಕದಿಂದ ಸಂಪೂರ್ಣವಾಗಿ ಬೇರ್ಪಡಿಸಿಡತಕ್ಕದ್ದು. ಪ್ರತಿ ಮಾಡಿದರೆ ಸಾಲದು. ಬೇರೊಂದು ಗಣಕದಲ್ಲಿ ತೆರೆದು, ಅಂತಿಮ ತಾಳೆಪಟ್ಟಿಯು ಮೂಲದೊಡನೆ ಹೊಂದುವುದೇ ಎಂದು ಪರಿಶೀಲಿಸಬೇಕು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಬ್ಯಾಕಪ್ ಇರಿಸಬೇಕೆಂದು 2022ರಲ್ಲಿ ತಿದ್ದುಪಡಿಯಾದ ನಿಯಮವು ವಿಧಿಸುತ್ತದೆ. ಅವುಗಳಿಗೆ ಇದು ಐಚ್ಛಿಕವಲ್ಲ.

2. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಗೂಢಲಿಪಿ ರಕ್ಷಣೆ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಆರಂಭದ ಕ್ರಮದಲ್ಲಿ ಬದಲಾವಣೆ ಕಂಡರೆ ಈ ರಕ್ಷಣೆಯು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುತ್ತದೆ. 2024ರಲ್ಲಿ ಹೊರಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದ ಬಹುತೇಕ ಯಂತ್ರಗಳಲ್ಲಿ ಇದು ತಾನಾಗಿಯೇ ಚಾಲನೆಗೊಳ್ಳುತ್ತದೆ. ಮಾಲೀಕರಿಗೆ ಅದರ ಅರಿವೇ ಇರದಿರಬಹುದು. ‘ದತ್ತಾಂಶಕ್ಕೆ ಹಾನಿಯಿಲ್ಲ’ ಎಂಬ ಮಾತಿಗೆ ಇದೊಂದು ದೊಡ್ಡ ಅಪವಾದ. ಕೀಲಿಯೂ ಬ್ಯಾಕಪ್ ಪ್ರತಿಯೂ ಇಲ್ಲವಾದರೆ ದತ್ತಾಂಶ ಇದ್ದೂ ಇಲ್ಲದಂತೆಯೇ. ಕೀಲಿಯು ಯಾವುದೋ ಹಳೆಯ ನೌಕರನ ಇಮೇಲ್ ಖಾತೆಯಲ್ಲಿ ಉಳಿದಿರಬಾರದು. ಅದನ್ನು ಕಾಗದದ ಮೇಲೆ ಮುದ್ರಿಸಿ ಮುಖ್ಯ ದಸ್ತಾವೇಜುಗಳೊಡನೆ ಇರಿಸಬೇಕು. ಸ್ಥಾಪನೆಗೆ ಮುನ್ನ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಬೇಕು. ಅದೇ ಡಿಸ್ಕ್‌ನ ವಿಭಾಗವನ್ನು ಬದಲಿಸುವುದಾದರೆ ಗೂಢಲಿಪಿಯನ್ನು ಪೂರ್ಣವಾಗಿ ತೆಗೆದುಹಾಕುವುದು ಇನ್ನೂ ಕ್ಷೇಮಕರ.

3. ಇರುವ ವಿಂಡೋಸ್ ಬಯಾಸ್ ಪದ್ಧತಿಯಲ್ಲಿದೆಯೋ ಯುಇಎಫ್ಐ ಪದ್ಧತಿಯಲ್ಲಿದೆಯೋ ತಿಳಿಯಬೇಕು. ‘ಸಿಸ್ಟಂ ಇನ್ಫರ್ಮೇಷನ್’ ಕಿಟಕಿಯಲ್ಲಿ ‘ಬಯಾಸ್ ಮೋಡ್’ ಎಂಬ ಸಾಲಿನೆದುರು ‘ಲೆಗಸಿ’ ಅಥವಾ ‘ಯುಇಎಫ್ಐ’ ಎಂದು ಇರುತ್ತದೆ. ಎರಡನೆಯ ವ್ಯವಸ್ಥೆಯನ್ನೂ ಅದೇ ಪದ್ಧತಿಯಲ್ಲಿ ಸ್ಥಾಪಿಸಬೇಕು. ಒಂದು ಹಳೆಯ ಪದ್ಧತಿಯಲ್ಲೂ ಮತ್ತೊಂದು ಹೊಸ ಪದ್ಧತಿಯಲ್ಲೂ ಇದ್ದರೆ ಒಂದರ ಬೂಟ್ ಲೋಡರ್‌ಗೆ ಮತ್ತೊಂದನ್ನು ಕರೆಯಲು ಸಾಧ್ಯವಾಗುವುದಿಲ್ಲ.

4. ಫರ್ಮ್‌ವೇರ್‌ನ ಸೆಟ್ಟಿಂಗ್‌ಗಳನ್ನು, ವಿಶೇಷವಾಗಿ ಬೂಟ್ ಅನುಕ್ರಮ, ಸೆಕ್ಯೂರ್ ಬೂಟ್ ಮತ್ತು ಡಿಸ್ಕ್ ನಿಯಂತ್ರಕದ ವಿಧಾನ ಈ ಮೂರನ್ನು, ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆದು ಇಟ್ಟುಕೊಳ್ಳಬೇಕು. ಕೆಲವು ಯಂತ್ರಗಳಲ್ಲಿ ಡಿಸ್ಕ್ ನಿಯಂತ್ರಕವು ರೇಡ್ ವಿಧಾನದಲ್ಲಿದ್ದು, ಲಿನಕ್ಸ್ ಸ್ಥಾಪನೆಗೆ ಎಎಚ್‌ಸಿಐ ವಿಧಾನ ಬೇಕಾಗುತ್ತದೆ. ವಿಂಡೋಸ್ ಅನ್ನು ಮೊದಲು ಅಣಿಗೊಳಿಸದೆ ಇದನ್ನು ಬದಲಿಸಿದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರಬಹುದು. ಹಳೆಯ ವಿಧಾನಕ್ಕೆ ಮರಳಿಸಿದರೆ ವಿಂಡೋಸ್ ಮತ್ತೆ ತೆರೆಯುತ್ತದೆ. ಮರಳಿಸಬೇಕಾದುದು ಯಾವುದಕ್ಕೆ ಎಂಬುದನ್ನು ತಿಳಿಸಲು ಆ ಛಾಯಾಚಿತ್ರವಿರಬೇಕು.

ಸ್ಥಾಪನೆಯ ಕ್ರಮ

ಮೊದಲನೆಯದಾಗಿ, ಸಾಧ್ಯವಿದ್ದಲ್ಲಿ ಎರಡು ವ್ಯವಸ್ಥೆಗಳಿಗೆ ಎರಡು ಪ್ರತ್ಯೇಕ ಡಿಸ್ಕ್‌ಗಳಿರಲಿ. ಹೊಸದನ್ನು ಸ್ಥಾಪಿಸುವಾಗ ಹಳೆಯ ಡಿಸ್ಕ್‌ನ ಸಂಪರ್ಕವನ್ನು ತೆಗೆದಿರಬೇಕು. ಹಾಗೆ ಮಾಡದಿದ್ದರೆ ಹೊಸ ವ್ಯವಸ್ಥೆಯು ತನ್ನ ಕಡತಗಳನ್ನು ಒಂದು ಡಿಸ್ಕ್‌ನಲ್ಲಿಯೂ ಬೂಟ್ ಲೋಡರ್ ಅನ್ನು ಮತ್ತೊಂದು ಡಿಸ್ಕ್‌ನ ಇಎಸ್‌ಪಿ ವಿಭಾಗದಲ್ಲಿಯೂ ಇಡುವ ಸಂಭವವಿದೆ. ಮುಂದೆ ಒಂದು ಡಿಸ್ಕ್ ಕೆಟ್ಟಾಗ ಎರಡೂ ನಿಂತುಹೋಗುತ್ತವೆ. ಪ್ರತ್ಯೇಕ ಡಿಸ್ಕ್‌ಗಳಿದ್ದರೆ ಬೂಟ್ ಮೆನುವಿನಿಂದ ಬೇಕಾದುದನ್ನು ಆಯ್ದುಕೊಳ್ಳಬಹುದು. ಪಾಲುದಾರರ ಬಂಡವಾಳ ಖಾತೆಗಳನ್ನು ಬೇರೆ ಬೇರೆ ಇಡುವ ವಿವೇಕವೇ ಇಲ್ಲಿಯೂ ಅನ್ವಯಿಸುತ್ತದೆ.

ಎರಡನೆಯದಾಗಿ, ಒಂದೇ ಡಿಸ್ಕ್ ಅನಿವಾರ್ಯವಾದರೆ ವಿಂಡೋಸ್ ಮೊದಲು, ಲಿನಕ್ಸ್ ಅನಂತರ. ಲಿನಕ್ಸ್‌ನ ಸ್ಥಾಪನಾ ತಂತ್ರಾಂಶವು ಸಾಮಾನ್ಯವಾಗಿ ವಿಂಡೋಸ್ ಇರುವುದನ್ನು ಗುರುತಿಸಿ ತನ್ನ ಮೆನುವಿನಲ್ಲಿ ಸೇರಿಸಿಕೊಳ್ಳುತ್ತದೆ. ವಿಂಡೋಸ್ ಲಿನಕ್ಸ್ ಅನ್ನು ಸೇರಿಸಿಕೊಳ್ಳುವುದಿಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದ ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಸೌಲಭ್ಯವು ಭದ್ರತೆಯ ದೃಷ್ಟಿಯಿಂದ ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿರುತ್ತದೆ. ಮೆನುವಿನಲ್ಲಿ ವಿಂಡೋಸ್ ಹೆಸರು ಕಾಣದಿದ್ದರೆ ಅದು ಅಳಿದುಹೋಗಿದೆಯೆಂದು ಭಾವಿಸದೆ, ಈ ಸೌಲಭ್ಯವನ್ನು ಸಕ್ರಿಯಗೊಳಿಸಿ ಮೆನುವನ್ನು ಪುನಃ ರಚಿಸಬೇಕು.

ಮೂರನೆಯದಾಗಿ, ವಿಂಡೋಸ್ ವಿಭಾಗವನ್ನು ಕಿರಿದುಗೊಳಿಸಿ ಜಾಗ ಮಾಡುವ ಕೆಲಸವನ್ನು ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಮೂಲಕವೇ ಮಾಡುವುದು ಉತ್ತಮ. ಸ್ಥಾಪನೆಯ ವೇಳೆ ‘ಇಡೀ ಡಿಸ್ಕ್ ಅಳಿಸು’ ಎಂಬ ಆಯ್ಕೆಯೂ ‘ಇರುವುದರ ಜೊತೆಗೆ ಸ್ಥಾಪಿಸು’ ಎಂಬ ಆಯ್ಕೆಯೂ ಒಂದೇ ಪರದೆಯಲ್ಲಿ ಬರಬಹುದು. ಆ ಪರದೆಯನ್ನು ಚೆಕ್ಕಿಗೆ ಸಹಿ ಮಾಡುವಷ್ಟೇ ಗಮನವಿಟ್ಟು ಓದಬೇಕು. ಈ ಕೆಲಸವನ್ನು ರಿಟರ್ನ್ ಗಡುವಿನ ವಾರದಲ್ಲಿ ಮಾಡತಕ್ಕದ್ದಲ್ಲ.

ದಿನನಿತ್ಯದ ಎಚ್ಚರಿಕೆಗಳು

ಸ್ಥಾಪನೆ ಸರಿಯಾಗಿ ಮುಗಿದ ಮೇಲೂ ನಾಲ್ಕು ಕಡೆಗಳಲ್ಲಿ ತೊಡಕು ತಲೆದೋರಬಹುದು.

ಮೊದಲನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಬಂದಿರುವ ಈ ಸೌಲಭ್ಯ ಚಾಲ್ತಿಯಲ್ಲಿದ್ದಾಗ ‘ಷಟ್ ಡೌನ್’ ಎಂದರೂ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಸ್ಥಿತಿಯ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿ ಮಲಗುತ್ತದೆ. ಆಗ ಲಿನಕ್ಸ್‌ನಿಂದ ವಿಂಡೋಸ್ ವಿಭಾಗದೊಳಗೆ ಬರೆದರೆ ಕಡತಗಳು ಕೆಡುವ ಅಪಾಯವಿದೆ. ದಿನದ ಲೆಕ್ಕ ಮುಗಿಸದೆ ಎದ್ದುಹೋದ ಗುಮಾಸ್ತನ ಪುಸ್ತಕದಲ್ಲಿ ಇನ್ನೊಬ್ಬನು ಬರೆಯಲಾರಂಭಿಸಿದಂತೆ ಇದು. ‘ಪವರ್ ಆಪ್ಷನ್ಸ್’ನಲ್ಲಿ ಈ ಸೌಲಭ್ಯವನ್ನು ತೆಗೆದುಹಾಕಬೇಕು.

ಎರಡನೆಯದು ಗಡಿಯಾರ. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಕಾಲವೆಂದು ಓದುತ್ತದೆ. ಲಿನಕ್ಸ್ ಅದನ್ನು ವಿಶ್ವಕಾಲದಲ್ಲಿ ಇಡುತ್ತದೆ. ಭಾರತದಲ್ಲಿ ಇವೆರಡರ ಅಂತರ 5 ಗಂಟೆ 30 ನಿಮಿಷ. ಲಿನಕ್ಸ್ ಬಳಸಿದ ಮೇಲೆ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ತೆರೆದರೆ ಗಡಿಯಾರ 4.30 ತೋರಿಸುವುದು ಇದರಿಂದಲೇ. ಇದು ಆರಂಭವನ್ನು ತಡೆಯುವುದಿಲ್ಲ, ಆದರೆ ಲೆಕ್ಕಿಗರಿಗೆ ಅಲಕ್ಷಿಸಲಾಗದ ವಿಷಯ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಿನಾಂಕ ಸಹಿತ ದಾಖಲಿಸಬೇಕು. ಯಂತ್ರದ ಗಡಿಯಾರವೇ ತಪ್ಪಿದ್ದರೆ ಆ ದಾಖಲೆಯ ವಿಶ್ವಾಸಾರ್ಹತೆಯೂ ಕುಂದುತ್ತದೆ. ಲಿನಕ್ಸ್‌ಗೆ ಸ್ಥಳೀಯ ಕಾಲವನ್ನೇ ಅನುಸರಿಸುವಂತೆ ಒಮ್ಮೆ ಆದೇಶಿಸಿದರೆ ಈ ವ್ಯತ್ಯಾಸ ನಿವಾರಣೆಯಾಗುತ್ತದೆ.

ಮೂರನೆಯದು ಸೆಕ್ಯೂರ್ ಬೂಟ್ ಮತ್ತು ಪರಿಷ್ಕರಣೆಗಳು. ಡಿಜಿಟಲ್ ಸಹಿಯುಳ್ಳ ಬೂಟ್ ಲೋಡರ್‌ಗಳನ್ನು ಮಾತ್ರ ಒಳಗೆ ಬಿಡುವ ವ್ಯವಸ್ಥೆಯೇ ಸೆಕ್ಯೂರ್ ಬೂಟ್. ದೋಷಯುಕ್ತವೆಂದು ಕಂಡುಬಂದ ಬೂಟ್ ಲೋಡರ್‌ಗಳನ್ನು ಕಾಲಕಾಲಕ್ಕೆ ತಡೆಪಟ್ಟಿಗೆ ಸೇರಿಸಲಾಗುತ್ತದೆ. 2024ರ ಆಗಸ್ಟ್ 13ರಂದು ಬಿಡುಗಡೆಯಾದ ವಿಂಡೋಸ್ ಪರಿಷ್ಕರಣೆಯು ಇಂತಹದೊಂದು ಪಟ್ಟಿಯನ್ನು ಜಾರಿಗೊಳಿಸಿದಾಗ, ಎರಡು ವ್ಯವಸ್ಥೆಗಳಿದ್ದ ಅನೇಕ ಗಣಕಗಳಲ್ಲಿ ಲಿನಕ್ಸ್ ತೆರೆಯದೆ ನಿಂತಿತು. ಎರಡು ವ್ಯವಸ್ಥೆಗಳಿರುವ ಗಣಕಗಳನ್ನು ಅದು ಬಾಧಿಸಬಾರದೆಂಬುದೇ ಉದ್ದೇಶವಾಗಿದ್ದರೂ ಹಾಗಾಯಿತು. ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳ ಪರಿಷ್ಕರಣೆಯಲ್ಲಿ. ಜೊತೆಗೆ, ಸೆಕ್ಯೂರ್ ಬೂಟ್‌ಗೆ ಆಧಾರವಾಗಿರುವ 2011ರ ಪ್ರಮಾಣಪತ್ರಗಳ ಅವಧಿಯು 2026ರ ಜೂನ್‌ನಿಂದ ಮುಗಿಯತೊಡಗುವಂತೆ ನಿಗದಿಯಾಗಿದೆ. ಡಿಜಿಟಲ್ ಸಹಿಯ ಟೋಕನ್ ನವೀಕರಿಸಿಕೊಂಡೇ ರಿಟರ್ನ್ ಸಲ್ಲಿಸುವ ಉದ್ಯಮಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಎರಡೂ ವ್ಯವಸ್ಥೆಗಳನ್ನೂ ಫರ್ಮ್‌ವೇರ್ ಅನ್ನೂ ಪರಿಷ್ಕರಿಸಿಟ್ಟುಕೊಳ್ಳಬೇಕು. ಒಂದನ್ನು ಪರಿಷ್ಕರಿಸಿ ಮತ್ತೊಂದನ್ನು ವರ್ಷಗಟ್ಟಲೆ ಬಿಟ್ಟರೆ ತೊಡಕು ಖಚಿತ. ಬೆಂಬಲ ನಿಂತುಹೋದ ಹಳೆಯ ವಿಂಡೋಸ್ ಅನ್ನು, ಹೆಚ್ಚುವರಿ ಭದ್ರತಾ ಸೇವೆಗೆ ನೋಂದಾಯಿಸಿಲ್ಲವಾದರೆ, ಅಂತರ್ಜಾಲದ ಸಂಪರ್ಕವಿಲ್ಲದೆ ಹಳೆಯ ಲೆಕ್ಕಗಳ ವೀಕ್ಷಣೆಗೆ ಮಾತ್ರ ಬಳಸುವುದು ಲೇಸು.

ನಾಲ್ಕನೆಯದು ತೆಗೆದುಹಾಕುವ ಆತುರ. ಲಿನಕ್ಸ್ ಬೇಡವೆಂದು ಅದರ ವಿಭಾಗವನ್ನು ನೇರವಾಗಿ ಅಳಿಸಿದರೆ, ಹಳೆಯ ಪದ್ಧತಿಯ ಗಣಕದಲ್ಲಿ ಗ್ರಬ್‌ನ ಮೊದಲ ತುಣುಕು ಎಂಬಿಆರ್‌ನಲ್ಲಿ ಉಳಿದು, ಉಳಿದ ಭಾಗ ಕಾಣದೆ ‘ಗ್ರಬ್ ರೆಸ್ಕ್ಯೂ’ ಎಂದು ನಿಲ್ಲುತ್ತದೆ; ವಿಂಡೋಸ್ ಸಹ ತೆರೆಯುವುದಿಲ್ಲ. ಮೊದಲು ಆರಂಭದ ಅಧಿಕಾರವನ್ನು ವಿಂಡೋಸ್‌ಗೆ ವಹಿಸಿ, ಅದು ಸ್ವತಂತ್ರವಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಅಳಿಸಬೇಕು.

ಗಣಕ ತೆರೆಯದಿದ್ದಾಗ

ಅನುಸರಿಸಬೇಕಾದ ಕ್ರಮ ಹೀಗಿದೆ:

1. ಪರದೆಯ ಮೇಲಿನ ಸಂದೇಶವನ್ನು ಯಥಾವತ್ತಾಗಿ ಬರೆದುಕೊಳ್ಳಬೇಕು ಅಥವಾ ಛಾಯಾಚಿತ್ರ ತೆಗೆಯಬೇಕು. ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಲು ಅನುಮತಿಸಬಾರದು.

2. ಸಿಕ್ಕಿಸಿರುವ ಪೆನ್‌ಡ್ರೈವ್‌ಗಳನ್ನು ತೆಗೆದು, ಗಣಕವನ್ನು ಪುನಃ ಆರಂಭಿಸಿ ಬೂಟ್ ಮೆನುವಿಗೆ ಹೋಗಬೇಕು. ಹಲವು ಯಂತ್ರಗಳಲ್ಲಿ ಎಫ್12, ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್ ಕೀಲಿ ಇದನ್ನು ತೆರೆಯುತ್ತದೆ. ಎರಡೂ ವ್ಯವಸ್ಥೆಗಳ ಹೆಸರುಗಳು ಅಲ್ಲಿ ಕಂಡರೆ ಕೆಟ್ಟಿರುವುದು ಬಹುಶಃ ಅನುಕ್ರಮ ಮಾತ್ರ.

3. ಗಡಿಯಾರವೂ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್‌ನ ನಾಣ್ಯಾಕಾರದ ಬ್ಯಾಟರಿ ಮುಗಿದು ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಮರಳಿರುವ ಸಾಧ್ಯತೆ ಹೆಚ್ಚು. ಅಲ್ಪ ಬೆಲೆಯ ಬ್ಯಾಟರಿಯನ್ನು ಬದಲಿಸಿ, ಛಾಯಾಚಿತ್ರದಲ್ಲಿರುವಂತೆ ಸೆಟ್ಟಿಂಗ್‌ಗಳನ್ನು ಮರಳಿಸಬೇಕು.

4. ಆಗಲೂ ತೆರೆಯದಿದ್ದರೆ, ಪೆನ್‌ಡ್ರೈವ್‌ನಿಂದಲೇ ನಡೆಯುವ ಲೈವ್ ಲಿನಕ್ಸ್ ಮೂಲಕ ಗಣಕವನ್ನು ತೆರೆದು ಲೆಕ್ಕದ ಫೋಲ್ಡರ್ ಅನ್ನು ಹೊರಗಿನ ಡಿಸ್ಕ್‌ಗೆ ನಕಲಿಸಬೇಕು. ದುರಸ್ತಿಗಿಂತ ಮೊದಲು ನಕಲು. ಈ ಕ್ರಮ ಎಂದಿಗೂ ತಲೆಕೆಳಗಾಗಬಾರದು. ನಕಲು ಕೈಸೇರಿದ ಮೇಲೆ ಬೇರೊಂದು ಗಣಕದಲ್ಲಿ ತೆರೆದು ಅಂದಿನ ರಿಟರ್ನ್ ಸಲ್ಲಿಸಬಹುದು. ಗಡುವಿನ ಒತ್ತಡ ಅಲ್ಲಿಗೆ ಇಳಿಯುತ್ತದೆ.

5. ಅನಂತರ ದುರಸ್ತಿ. ವಿಂಡೋಸ್‌ನ ಸ್ಥಾಪನಾ ಪೆನ್‌ಡ್ರೈವ್‌ನಲ್ಲಿರುವ ‘ಸ್ಟಾರ್ಟಪ್ ರಿಪೇರ್’ ವಿಂಡೋಸ್‌ನ ಬೂಟ್ ಲೋಡರ್ ಅನ್ನೂ, ಲೈವ್ ಲಿನಕ್ಸ್‌ನಿಂದ ಗ್ರಬ್‌ನ ಮರುಸ್ಥಾಪನೆಯು ಲಿನಕ್ಸ್‌ನದನ್ನೂ ಸರಿಪಡಿಸಬಲ್ಲವು. ಈ ಎರಡು ಪೆನ್‌ಡ್ರೈವ್‌ಗಳನ್ನು ಗಣಕ ಸುಸ್ಥಿತಿಯಲ್ಲಿರುವಾಗಲೇ ಸಿದ್ಧಪಡಿಸಿ, ಹೆಸರು ಬರೆದು, ಇಟ್ಟುಕೊಂಡಿರಬೇಕು.

ಎರಡು ವ್ಯವಸ್ಥೆಗಳು ನಿಜವಾಗಿ ಬೇಕೇ?

ಹಳೆಯ ಲೆಕ್ಕವನ್ನು ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ನೋಡಬೇಕಾದ ಸಂಸ್ಥೆಯು ಮತ್ತೊಂದು ಮಾರ್ಗವನ್ನು ಯೋಚಿಸಬಹುದು. ವರ್ಚುವಲ್ ಬಾಕ್ಸ್‌ನಂತಹ ತಂತ್ರಾಂಶವು ನಡೆಯುತ್ತಿರುವ ವ್ಯವಸ್ಥೆಯೊಳಗೇ ಒಂದು ಕಿಟಕಿಯಲ್ಲಿ ಇನ್ನೊಂದು ವ್ಯವಸ್ಥೆಯನ್ನು ತೆರೆಯುತ್ತದೆ. ಆ ಒಳಗಣಕದ ಇಡೀ ಡಿಸ್ಕ್ ಸಾಮಾನ್ಯವಾಗಿ ಒಂದು ದೊಡ್ಡ ಕಡತವಾಗಿರುವುದರಿಂದ ಬ್ಯಾಕಪ್ ಸುಲಭ. ಬೂಟ್ ಅನುಕ್ರಮದ ಗೊಡವೆಯೂ ಇಲ್ಲ. ಮೆಮೊರಿ 8 ಜಿಬಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಲೆಕ್ಕದ ಕೆಲಸಕ್ಕೆ ಸಾಮಾನ್ಯವಾಗಿ ಸಾಕು. ಒಳಗಿನ ವ್ಯವಸ್ಥೆಗೂ ಪರವಾನಗಿ ಅಗತ್ಯ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿಯ ಷರತ್ತುಗಳನ್ನು ಮೊದಲು ಓದಿಕೊಳ್ಳಬೇಕು. ಡಿಜಿಟಲ್ ಸಹಿಯ ಟೋಕನ್ ಮತ್ತು ಮುದ್ರಣಯಂತ್ರಗಳು ಅದರೊಳಗಿನಿಂದ ಕೆಲಸ ಮಾಡುವುದನ್ನೂ ಪರೀಕ್ಷಿಸಿಕೊಳ್ಳಬೇಕು. ಎರಡೂ ವ್ಯವಸ್ಥೆಗಳನ್ನು ಪ್ರತಿದಿನ ಪೂರ್ಣ ವೇಗದಲ್ಲಿ ಬಳಸಬೇಕಾದವರಿಗೆ ಮಾತ್ರ ಪ್ರತ್ಯೇಕ ಆರಂಭದ ಏರ್ಪಾಡು ಸಾರ್ಥಕ.

ಯಾವ ಮಾರ್ಗವನ್ನು ಹಿಡಿದರೂ ಪ್ರತಿ ಗಣಕಕ್ಕೆ ಒಂದು ಹಾಳೆಯ ದಾಖಲೆ ಕಚೇರಿಯಲ್ಲಿರಲಿ: ಯಾವ ಡಿಸ್ಕ್‌ನಲ್ಲಿ ಯಾವ ವ್ಯವಸ್ಥೆ, ಬಯಾಸ್ ಅಥವಾ ಯುಇಎಫ್ಐ, ಬೂಟ್ ಮೆನುವಿನ ಕೀಲಿ ಯಾವುದು, ರಿಕವರಿ ಕೀಲಿ ಎಲ್ಲಿದೆ, ಕೊನೆಯ ಬ್ಯಾಕಪ್ ಯಾವಾಗ ಪರೀಕ್ಷಿಸಲ್ಪಟ್ಟಿತು, ಬದಲಾವಣೆ ಮಾಡಿದವರು ಯಾರು ಮತ್ತು ಯಾವ ದಿನ. ಸ್ಥಿರಾಸ್ತಿಗಳ ವಹಿಯಲ್ಲಿ ಗಣಕದ ಬೆಲೆ ಮತ್ತು ಸವಕಳಿಯನ್ನು ಬರೆಯುವ ಸಂಸ್ಥೆಗೆ ಇದೊಂದು ಪುಟ ಹೆಚ್ಚಿನ ಹೊರೆಯಲ್ಲ. ಸವಕಳಿಯ ಕೊನೆಯಲ್ಲಿ ಯಂತ್ರದ ಪುಸ್ತಕಬೆಲೆ ಅತ್ಯಲ್ಪವಾಗುತ್ತದೆ. ಅದರೊಳಗಿನ ಲೆಕ್ಕದ ಬೆಲೆ ಹಾಗಲ್ಲ.